ಮಳೆಯ ನೀರೂ ಕೆರೆಯ ನೀರೂ: ಜಮೈಕಾದ ಮಹಿಳಾ ಕಾಲ್ಚೆಂಡು ತಂಡದಿಂದ ಕಲಿಯಬೇಕಾದ ಪಾಠ

ದಾನವು ಶ್ರೇಷ್ಠವಾದುದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಕಾರ್ಯವು ಒಂದು ಸಂಸ್ಥೆಯ ನಿತ್ಯಕರ್ತವ್ಯವೋ, ಅದನ್ನು ಆಗಾಗ ಒದಗುವ ದಾನದ ಪಾಲಿಗೆ ಬಿಟ್ಟುಬಿಡುವುದು ಯುಕ್ತವೇ ಎಂಬುದು ಬೇರೆಯದೇ ಆದ ಪ್ರಶ್ನೆ. ಮಳೆ ಪ್ರಕೃತಿಯ ಕೊಡುಗೆ. ಕೆರೆ ಊರಿನವರ ಹೊಣೆ. ಮಳೆ ಸುರಿದಾಗ ಹಿಗ್ಗಿ, ನಿಂತಾಗ ಮುಗಿಲು ನೋಡುತ್ತ ಕುಳಿತುಕೊಳ್ಳುವ ಊರನ್ನು ಯಾರೂ ಜಾಣರ ಊರೆಂದು ಕರೆಯುವುದಿಲ್ಲ. ಈ ಮಾತಿಗೆ ಒಂದು ಸ್ಪಷ್ಟ ನಿದರ್ಶನ ದೂರದ ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದಲ್ಲಿ ದೊರೆಯುತ್ತದೆ. ಅಲ್ಲಿಯ ರಾಷ್ಟ್ರೀಯ ಮಹಿಳಾ ಕಾಲ್ಚೆಂಡು ತಂಡವು ಎರಡು ಬಾರಿ ಅಳಿದು ಎರಡು ಬಾರಿ ಉಳಿದ ಕಥೆಯನ್ನು ಸಂಸ್ಥೆಗಳನ್ನು ಕಟ್ಟುವವರೂ ಅವುಗಳಿಗೆ ಕೊಡುವವರೂ ಒಮ್ಮೆ ನಿಧಾನವಾಗಿ ಪರಿಶೀಲಿಸುವುದು ಉಚಿತ.

ಜಮೈಕಾ ಎಂದೊಡನೆ ಕ್ರಿಕೆಟ್ ಪ್ರಿಯರಿಗೆ ಮೈಕೇಲ್ ಹೋಲ್ಡಿಂಗ್, ಕೋರ್ಟ್ನಿ ವಾಲ್ಷ್ ಅವರೂ, ಓಟದ ಸ್ಪರ್ಧೆಗಳನ್ನು ಬಲ್ಲವರಿಗೆ ಉಸೇನ್ ಬೋಲ್ಟ್ ಅವರೂ ನೆನಪಾಗುವುದು ಸಹಜ. ಸುಮಾರು 11,000 ಚದರ ಕಿಲೋಮೀಟರ್ ವಿಸ್ತಾರದ, 28 ಲಕ್ಷದಷ್ಟು ಜನರಿರುವ ಈ ದ್ವೀಪವು 1962ರ ಆಗಸ್ಟ್ 6ರಂದು ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಕ್ರಿಕೆಟ್ಟಿನಂತೆ ಕಾಲ್ಚೆಂಡಾಟವೂ ಆಂಗ್ಲರೊಡನೆ ಬಂದ ಆಟವೇ. ಆದರೆ ಆ ಆಟದ ತವರಾದ ಇಂಗ್ಲೆಂಡಿನಲ್ಲೇ 1921ರ ಡಿಸೆಂಬರ್‌ನಲ್ಲಿ ಅಲ್ಲಿಯ ಕಾಲ್ಚೆಂಡು ಸಂಘವು, ಈ ಕ್ರೀಡೆ ಹೆಂಗಸರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಮಹಿಳೆಯರು ಆಡುವುದನ್ನು ನಿಷೇಧಿಸಿತು. ಆ ನಿಷೇಧ ತೆರವಾಗಲು ಅರ್ಧ ಶತಮಾನವೇ ಬೇಕಾಯಿತು. ಮೂಲದಲ್ಲಿಯೇ ಬಾಗಿಲು ಮುಚ್ಚಿದ್ದ ಮೇಲೆ ವಸಾಹತುಗಳಲ್ಲಿ ಅದು ತೆರೆದಿರುವುದೆಂತು? ಜಮೈಕಾದ ಮಹಿಳೆಯರು ಅಂತರರಾಷ್ಟ್ರೀಯ ಪಂದ್ಯಗಳ ಕಣಕ್ಕಿಳಿದದ್ದು 1990ರ ದಶಕದಲ್ಲಿ. ಅದೇ ದಶಕದ 1998ರಲ್ಲಿ ಪುರುಷರ ತಂಡವು ಫ್ರಾನ್ಸಿನ ವಿಶ್ವಕಪ್ಪಿನಲ್ಲಿ ಆಡಿ ದ್ವೀಪವನ್ನೆಲ್ಲ ಉತ್ಸವದಲ್ಲಿ ಮುಳುಗಿಸಿತು. ಮಹಿಳೆಯರ ತಂಡಕ್ಕೆ ಆ ಉತ್ಸವದ ಬೆಳಕು ತಾಗಲಿಲ್ಲ.

2010ರಲ್ಲಿ ಜಮೈಕಾದ ಕಾಲ್ಚೆಂಡು ಒಕ್ಕೂಟವು ಹಣವಿಲ್ಲವೆಂಬ ಕಾರಣಕ್ಕಾಗಿ ಹಿರಿಯ ಮಹಿಳಾ ತಂಡಕ್ಕೆ ನೀಡುತ್ತಿದ್ದ ನೆರವನ್ನು ನಿಲ್ಲಿಸಿತು. ತಂಡ ಚದುರಿತು. ಪಂದ್ಯಗಳೇ ಇಲ್ಲದೆ ವರ್ಷಗಳು ಉರುಳಿದುದರಿಂದ ವಿಶ್ವಸಂಸ್ಥೆಯಾದ ಫೀಫಾದ ಶ್ರೇಯಾಂಕಪಟ್ಟಿಯಿಂದಲೂ ಜಮೈಕಾದ ಹೆಸರು ಅಳಿಸಿಹೋಯಿತು. 2014ರಲ್ಲಿ ಒಬ್ಬ ಶಾಲಾ ಬಾಲಕನು ಮನೆಗೆ ಒಂದು ಕರಪತ್ರವನ್ನು ತಂದು ತಾಯಿಗೆ ಕೊಟ್ಟನು. ರಾಷ್ಟ್ರದ ಮಹಿಳಾ ತಂಡಕ್ಕೆ ಸಹಾಯ ಬೇಡುವ ಕರಪತ್ರವದು. ಆ ತಾಯಿ ಸೆಡೆಲ್ಲಾ ಮಾರ್ಲಿ. ಕಾಲ್ಚೆಂಡಾಟವನ್ನು ಪ್ರಾಣದಂತೆ ಪ್ರೀತಿಸುತ್ತಿದ್ದ ಪ್ರಖ್ಯಾತ ಗಾಯಕ ಬಾಬ್ ಮಾರ್ಲಿಯ ಮಗಳು. ಆಕೆ ತಾನೂ ಕೊಟ್ಟಳು, ಇತರರಿಂದಲೂ ಕೊಡಿಸಿದಳು, ಹಾಡೊಂದನ್ನು ಹೊರತಂದು ಹಣ ಕೂಡಿಸಿದಳು. ತಂಡ ಮತ್ತೆ ಎದ್ದು ನಿಂತಿತು. ಆದರೆ ಮುಂದಿನ ವಿಶ್ವಕಪ್ಪಿಗೂ ಒಲಿಂಪಿಕ್ಸಿಗೂ ಅರ್ಹತೆ ದೊರೆಯಲಿಲ್ಲವಾಗಿ 2016ರಲ್ಲಿ ತಂಡವು ಮತ್ತೊಮ್ಮೆ ಚದುರಿತು. ಮತ್ತೊಮ್ಮೆ ಅದೇ ಮಹಿಳೆಯೂ ಆಕೆಯ ಜೊತೆಗಾರರೂ ಮುಂದೆ ಬರಬೇಕಾಯಿತು.

ಎರಡನೆಯ ಸಲ ಎದ್ದ ತಂಡಕ್ಕೆ ತರಬೇತಿ ನೀಡಿದವರು ಹ್ಯೂ ಮೆಂಜೀಸ್. ಅವರು ಅಮೆರಿಕದ ಫ್ಲೋರಿಡಾದಲ್ಲಿ ಕಿರಿಯರ ಕ್ಲಬ್ಬೊಂದನ್ನು ನಡೆಸುತ್ತಿದ್ದವರು. ಜಮೈಕಾದ ತಂಡಕ್ಕಾಗಿ ಸಂಬಳವಿಲ್ಲದೆ ದುಡಿದರು. 2018ರ ಅಕ್ಟೋಬರ್ 17ರಂದು ಟೆಕ್ಸಾಸ್ ಪ್ರಾಂತದ ಫ್ರಿಸ್ಕೋ ನಗರದಲ್ಲಿ ಪನಾಮಾ ತಂಡದೊಡನೆ ನಡೆದ ಪಂದ್ಯವು 2–2ರಲ್ಲಿ ಸಮವಾಗಿ, ಪೆನಾಲ್ಟಿ ಒದೆತಗಳಲ್ಲಿ ಜಮೈಕಾ 4–2ರಿಂದ ಗೆದ್ದಿತು. ಮಹಿಳೆಯರ ವಿಶ್ವಕಪ್ಪಿಗೆ ಅರ್ಹತೆ ಪಡೆದ ಮೊಟ್ಟಮೊದಲ ಕೆರಿಬಿಯನ್ ರಾಷ್ಟ್ರವೆಂಬ ಕೀರ್ತಿ ಆ ದಿನ ಅದಕ್ಕೆ ಸಂದಿತು. ಎರಡು ವರ್ಷಗಳ ಹಿಂದೆ ಇಲ್ಲದೇ ಹೋಗಿದ್ದ ತಂಡ ಈ ಎತ್ತರಕ್ಕೇರಿತೆಂಬುದನ್ನು ನೆನೆದರೆ ಆ ಹೆಣ್ಣುಮಕ್ಕಳ ಛಲಕ್ಕೆ ತಲೆದೂಗದವರಿಲ್ಲ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದು ದಾನದ ಮಹಿಮೆಯನ್ನು ಕೊಂಡಾಡುವ ಕಥೆಯಾಗಿ ಉಳಿಯುತ್ತಿತ್ತು. ಮುಂದೆ ನಡೆದದ್ದೇ ವಿಚಾರಾರ್ಹ. 2019ರಲ್ಲಿ ಫ್ರಾನ್ಸಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ತಂಡವು ಬ್ರೆಜಿಲ್, ಇಟಲಿ, ಆಸ್ಟ್ರೇಲಿಯಾಗಳೆದುರು ಆಡಿದ ಮೂರು ಪಂದ್ಯಗಳನ್ನೂ ಸೋತಿತು. ಸೋಲು ಅವಮಾನವಲ್ಲ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆಟಗಾರ್ತಿಯರು, ತಮಗೆ ಸಲ್ಲಬೇಕಾದ ಹಣ ಸಲ್ಲದೆ ಮುಂದೆ ಆಡಲಾರೆವೆಂದು ಬಹಿರಂಗವಾಗಿ ಹೇಳಬೇಕಾಗಿ ಬಂದುದು ಅವಮಾನ. 2023ರ ವಿಶ್ವಕಪ್ಪಿನ ಹೊಸ್ತಿಲಲ್ಲಿ ಅವರು ಮತ್ತೊಂದು ಬಹಿರಂಗ ಪತ್ರವನ್ನು ಬರೆದರು. ಪ್ರಯಾಣ, ವಸತಿ, ಆಹಾರ, ಅಭ್ಯಾಸದ ಸೌಕರ್ಯ, ವೇತನ ಇವುಗಳಾವುವೂ ಸರಿಯಿಲ್ಲವೆಂಬುದು ಅದರ ಸಾರ. ತಂಡದ ಖರ್ಚಿಗೆಂದು ಆಟಗಾರ್ತಿಯೊಬ್ಬಳ ತಾಯಿ ಸಾರ್ವಜನಿಕರಲ್ಲಿ ಚಂದಾ ಎತ್ತಿದಳು. ರಾಷ್ಟ್ರಧ್ವಜವನ್ನು ಎದೆಯ ಮೇಲೆ ಧರಿಸಿ ಆಡುವ ಮಕ್ಕಳಿಗಾಗಿ ತಾಯಂದಿರು ಜೋಳಿಗೆ ಹಿಡಿಯುವ ಪರಿಸ್ಥಿತಿ ಯಾವ ದೇಶಕ್ಕೂ ಭೂಷಣವಲ್ಲ.

ಇಂಥ ಸ್ಥಿತಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ತಂಡವು ಮಾಡಿ ತೋರಿಸಿದ್ದೇನು? ಆಗ ಶ್ರೇಯಾಂಕದಲ್ಲಿ 43ನೆಯದಾಗಿದ್ದ ಜಮೈಕಾ, 5ನೆಯದಾಗಿದ್ದ ಫ್ರಾನ್ಸನ್ನು ಸಿಡ್ನಿಯಲ್ಲಿ ಗೋಲುಗಳಿಲ್ಲದ ಸಮಬಲಕ್ಕೆ ಕಟ್ಟಿಹಾಕಿತು. ಆ ಪಂದ್ಯದಲ್ಲಿ ನಾಯಕಿ ಖದೀಜಾ ಶಾ ಹೊರಹಾಕಲ್ಪಟ್ಟುದರಿಂದ ಮುಂದಿನ ಪಂದ್ಯದಲ್ಲಿ ಅವರಿರಲಿಲ್ಲ. ಆದರೂ ಅಲಿಸನ್ ಸ್ವಾಬಿ ಹೊಡೆದ ಗೋಲಿನಿಂದ ಪನಾಮಾ ಸೋತಿತು. ವಿಶ್ವಕಪ್ಪಿನಲ್ಲಿ ಜಮೈಕಾದ ಮಹಿಳೆಯರಿಗೆ ದೊರೆತ ಮೊದಲ ಗೆಲುವದು. ಬ್ರೆಜಿಲ್‌ನೊಡನೆ ಮತ್ತೆ ಗೋಲುರಹಿತ ಸಮಬಲ. ಗುಂಪಿನ ಮೂರು ಪಂದ್ಯಗಳಲ್ಲಿ ಒಂದೇ ಒಂದು ಗೋಲನ್ನೂ ಬಿಟ್ಟುಕೊಡದೆ, ಬ್ರೆಜಿಲ್ಲನ್ನು ಹೊರಗಟ್ಟಿ, ತಂಡವು 16ರ ಘಟ್ಟವನ್ನು ಮುಟ್ಟಿ, ಅಲ್ಲಿ ಕೊಲಂಬಿಯಾಕ್ಕೆ 0–1ರಿಂದ ಸೋತು ನಿರ್ಗಮಿಸಿತು. ಇಂಥ ಸಾಧನೆಯ ತರುವಾಯ ಎಲ್ಲವೂ ನೆಟ್ಟಗಾಯಿತೇ? ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಶ್ವಕಪ್ಪಿನ ಆಟಗಾರ್ತಿಯರು ಬಾಕಿ ಹಣದ ವಿಷಯದಲ್ಲಿ ಬೇಸತ್ತು, ಮುಂದಿನ ಅರ್ಹತಾ ಪಂದ್ಯಗಳಿಂದ ದೂರ ಉಳಿದರು.

ನೆರೆಯ ದ್ವೀಪಗಳ ಚಿತ್ರವೂ ಇದಕ್ಕಿಂತ ಬೇರೆಯಲ್ಲ. 2014ರಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊದ ಮಹಿಳಾ ತಂಡವು ಕೇವಲ 500 ಡಾಲರುಗಳೊಡನೆ ಅಮೆರಿಕದಲ್ಲಿ ಬಂದಿಳಿಯಿತು. ಅದರ ತರಬೇತುದಾರರು ಊಟಕ್ಕೆ ನೆರವಾಗಿರೆಂದು ಜಗತ್ತನ್ನೇ ಬೇಡಬೇಕಾಯಿತು. ಆಗ ತಮ್ಮ ಖರ್ಚಿಗೆಂದು ಕೂಡಿಹಾಕಿದ್ದ ಅಲ್ಪ ಹಣವನ್ನು ಅವರಿಗೆ ಕೊಡಲು ಮುಂದಾದವರು ಯಾರು? ಅವರಿಗಿಂತಲೂ ಬಡದೇಶವಾದ ಹೈಟಿಯ ಹೆಣ್ಣುಮಕ್ಕಳು. ಹಸಿದವರ ಹಸಿವು ಹಸಿದವರಿಗೇ ಗೊತ್ತು. ಆ ಔದಾರ್ಯ ಕಣ್ಣಲ್ಲಿ ನೀರು ತರಿಸುವಂಥದು. ಆದರೆ ಆಟಗಾರ್ತಿಯರ ಊಟವನ್ನು ನೋಡಿಕೊಳ್ಳಬೇಕಾದವರು ಎದುರಾಳಿ ಆಟಗಾರ್ತಿಯರಲ್ಲವೆಂಬ ಮಾತನ್ನು ಆ ಕಣ್ಣೀರು ತೊಳೆದುಹಾಕಲಾರದು.

ಚಿಕ್ಕ ದೇಶ, ಬಡ ಒಕ್ಕೂಟ. ಮಹಿಳೆಯರ ಪಂದ್ಯಗಳಿಗೆ ಟಿಕೆಟ್ಟಿನ ಹಣವೂ ಬಾರದು. ಇರುವಷ್ಟರಲ್ಲಿ ಎಲ್ಲರಿಗೂ ಹಂಚುವುದೆಂತು ಎಂದು ಕೆಲವರು ಕೇಳುತ್ತಾರೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇದಕ್ಕೆ ಉತ್ತರ ಅದೇ ದ್ವೀಪದ ಓಟದ ಪಥದ ಮೇಲಿದೆ. ಜಮೈಕಾದ ಪ್ರೌಢಶಾಲೆಗಳ ನಡುವೆ ಬಾಲಕರ ಓಟಸ್ಪರ್ಧೆಗಳು 1910ರಲ್ಲೇ ಆರಂಭವಾದವು. ಮುಂದೆ ಬಾಲಕಿಯರಿಗೂ ಅಂಥ ಸ್ಪರ್ಧೆ ಏರ್ಪಟ್ಟು, 1999ರಿಂದ ಎರಡೂ ಒಂದೇ ಕೂಟವಾಗಿ ನಡೆಯುತ್ತಿವೆ. ಸಹಸ್ರಾರು ಜನ ಕಿಕ್ಕಿರಿದು ಸೇರುವ ಈ ವಾರ್ಷಿಕ ಕೂಟಕ್ಕೆ ಪ್ರತಿ ಶಾಲೆಯೂ ವರ್ಷವಿಡೀ ಸಿದ್ಧತೆ ನಡೆಸುತ್ತದೆ. ಇದರ ಫಲವೆಂದರೆ, 100 ಮೀಟರ್ ಓಟದಲ್ಲಿ ಶೆಲ್ಲಿ ಆ್ಯನ್ ಫ್ರೇಸರ್ 2008 ಮತ್ತು 2012ರಲ್ಲೂ, ಎಲೈನ್ ಥಾಮ್ಸನ್ 2016ರಲ್ಲೂ 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲೂ ಒಲಿಂಪಿಕ್ ಸ್ವರ್ಣವನ್ನು ಗೆದ್ದರು. ದೇಶ ಅದೇ, ಬಡತನ ಅದೇ, ಹೆಣ್ಣುಮಕ್ಕಳೂ ಅವರೇ. ಒಂದೆಡೆ ಶಾಲೆಗಳು ತಲೆಮಾರುಗಳಿಂದ ಕೆರೆ ಕಟ್ಟಿದ್ದವು. ಇನ್ನೊಂದೆಡೆ ಯಾರೂ ಗುದ್ದಲಿ ಹಾಕಿರಲಿಲ್ಲ. ವ್ಯತ್ಯಾಸವಿರುವುದು ಇಲ್ಲಿ.

ಕಾಲ್ಚೆಂಡು ತಂಡಕ್ಕೆ ನೀರು ಬಂದದ್ದಾದರೂ ಎಲ್ಲಿಂದ? ಅದನ್ನು ಅರಸಿದರೆ ಕೆರೆಯ ಮಹತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಮೆರಿಕವು 1972ರಲ್ಲಿ ಒಂದು ಕಾಯಿದೆಯನ್ನು ಮಾಡಿ, ಕೇಂದ್ರಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡೆಂಬ ಭೇದವೆಣಿಸಕೂಡದೆಂದು ವಿಧಿಸಿತು. ಅದರಿಂದ ಅಲ್ಲಿಯ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಕ್ರೀಡೆಗೂ ವಿದ್ಯಾರ್ಥಿವೇತನ, ಮೈದಾನ, ತರಬೇತುದಾರರು ದೊರೆಯತೊಡಗಿದರು. ಜಮೈಕಾದ ಸ್ಪ್ಯಾನಿಷ್ ಟೌನಿನಲ್ಲಿ ಹುಟ್ಟಿ ಬೆಳೆದ ಖದೀಜಾ ಶಾ ಪಳಗಿದ್ದು ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದಲ್ಲಿ. ಮುಂದೆ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿಗೆ ಸೇರಿ, 2023–24ರ ಇಂಗ್ಲಿಷ್ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ 21 ಗೋಲುಗಳನ್ನು ಹೊಡೆದರು. ಆಕೆಯ ಜೊತೆಗಾರ್ತಿಯರಲ್ಲಿ ಅನೇಕರು ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ ಜಮೈಕಾ ಮೂಲದ ಕುಟುಂಬಗಳ ಮಕ್ಕಳು. ಪರರು ಅಗೆದ ಕೆರೆಯ ನೀರಿನಿಂದ ಸ್ವಂತ ಹೊಲ ಹಸಿರಾಯಿತೆಂದು ಸಂತೋಷಪಡಬಹುದು. ಆ ನೀರನ್ನೇ ನಂಬಿ ಬಿತ್ತುವುದು ವಿವೇಕವಲ್ಲ.

ಹಾಗಾದರೆ ಸೆಡೆಲ್ಲಾ ಮಾರ್ಲಿಯ ದಾನ ವ್ಯರ್ಥವಾಯಿತೇ? ಎಂದಿಗೂ ಇಲ್ಲ. ಆಕೆ ಕೈ ನೀಡದಿದ್ದರೆ ಫ್ರಿಸ್ಕೋ ನಗರದ ಆ ಗೆಲುವೂ ಇಲ್ಲ, ಸಿಡ್ನಿಯ ಆ ಸಮಬಲವೂ ಇಲ್ಲ. ದ್ವೀಪದ ಬಡ ಕೇರಿಗಳಲ್ಲಿ ಚೆಂಡು ಒದೆಯುತ್ತಿರುವ ಹುಡುಗಿಗೆ, ತನ್ನಂಥವಳೊಬ್ಬಳು ಲೋಕದ ಮುಂದೆ ನಿಂತಳೆಂಬ ಧೈರ್ಯ ದೊರೆತದ್ದು ಆ ದಾನದಿಂದಲೇ. ದೋಷವಿರುವುದು ಕೊಟ್ಟವರಲ್ಲಲ್ಲ, ಪಡೆದ ವ್ಯವಸ್ಥೆಯಲ್ಲಿ. ಉದಾರಿಯೊಬ್ಬಳು ಇದ್ದಾಳೆಂದು ತಿಳಿದೊಡನೆ ಹೊಣೆಯುಳ್ಳವರು ತಮ್ಮ ಹೆಗಲನ್ನು ಜಾರಿಸಿಕೊಂಡರು. ಆಟಗಾರ್ತಿಯರು ತಮ್ಮ ಹಕ್ಕನ್ನು ಕೇಳಿದಾಗ ಅದು ಹಠವೆನಿಸಿತು. ಯಾರೋ ಕೊಟ್ಟಾಗ ಅದು ಕೃಪೆಯೆನಿಸಿತು. ಕೃಪೆಯಿಂದ ಬಂದದ್ದು ಕೃಪೆ ಹಿಂಗಿದೊಡನೆ ಹೋಗುತ್ತದೆ. ಕ್ರಮದಿಂದ ಬಂದದ್ದು ನಿಲ್ಲುತ್ತದೆ.

ಆದ್ದರಿಂದ ಕೊಡುವವರು ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ. ಎಲ್ಲಿ ಕೊಡಬೇಕೆಂಬುದನ್ನು ಯೋಚಿಸಬೇಕು. ಒಂದು ಪಯಣದ ಖರ್ಚು, ಒಂದು ಪಂದ್ಯದ ಉಡುಪು ಆ ಹೊತ್ತಿನ ಬಾಯಾರಿಕೆಯನ್ನು ನೀಗಬಲ್ಲವು. ಆದರೆ ಬಾಲಕಿಯರ ಶಾಲಾ ಪಂದ್ಯಾವಳಿ, ತಪ್ಪದೆ ಸಂಬಳ ಪಡೆಯುವ ತರಬೇತುದಾರ್ತಿ, ಹೆಣ್ಣುಮಕ್ಕಳ ಪಾಲಿನ ಹಣವನ್ನು ಬೇರೆಯಾಗಿ ತೋರಿಸುವ ಲೆಕ್ಕಪತ್ರ, ಇವು ಬೇಸಗೆಗೂ ಬತ್ತದ ಕೆರೆಗಳು. ದಾನದೊಡನೆ ಲೆಕ್ಕವನ್ನೂ ಕೇಳುವ ದಾನಿ ಒರಟನಲ್ಲ. ಅವನು ಊರಿನ ನಿಜವಾದ ಹಿತೈಷಿ. ಕೆರೆಗೆ ಏರಿ ಹಾಕುವ ಮುಖ್ಯ ಕೆಲಸ ಮಾತ್ರ ಶಾಲೆಗಳದು. ಸಂಜೆಯ ಹೊತ್ತು ಬಾಲಕರಿಗೆ ಬಿಟ್ಟ ಮೈದಾನದಲ್ಲಿ ಬಾಲಕಿಯರಿಗೂ ಪಾಲು ಕೊಡುವ ಉಪಾಧ್ಯಾಯನು ಯಾವ ಪತ್ರಿಕೆಯಲ್ಲಿಯೂ ಹೆಸರಾಗದಿರಬಹುದು; ಆದರೆ ಇಪ್ಪತ್ತು ವರ್ಷಗಳ ಅನಂತರ ಒಂದು ದೇಶದ ತಂಡ ಬೇಡದೆ ಆಡುವಂತಾಗುವುದು ಅಂಥವನ ಗುದ್ದಲಿಯಿಂದಲೇ.