ಲೆಕ್ಕದ ಪುಸ್ತಕ, ಭಾಗ 6: ಹಳೆ ಪಿಕಪ್ಪಿಗೆ ಎರಡು ಪ್ಲೇಟು ಜಾಸ್ತಿ ಹಾಕಿಸಬೇಕಾ?

ಮೊದಲನೇ ಫೋಟೋ ಝೂಮ್ ಮಾಡಿ ನೋಡಿ. ನಮ್ಮನೆ ಪಿಕಪ್ಪಿನ ಹಿಂದಿನ ಸ್ಪ್ರಿಂಗು ಅದು, ಮೂರನೇ ಪ್ಲೇಟು ತುಂಡಾಗಿದೆ. ಗಾಡಿಗೆ ಹದಿನಾಲ್ಕು ವರ್ಷ. ಹೋದ ವಾರ ರಾತ್ರಿ ಕೋಲಾರದ ಮಂಡಿಗೆ 90 ಬಾಕ್ಸ್ ಟೊಮೆಟೊ ಹಾಕ್ಕೊಂಡು ಹೊರಟಿದ್ದಾಗ ಒಂದು ಹಂಪ್ ಹತ್ರ ‘ಟಪ್’ ಅಂತ ಸದ್ದು ಬಂತಂತೆ. ಅಪ್ಪ ಒಂದು ಕಡೆ ವಾಲಿದ ಗಾಡೀನ ಇಪ್ಪತ್ತರ ಸ್ಪೀಡಲ್ಲಿ ಮಂಡಿವರೆಗೂ ತಗೊಂಡು ಹೋದ್ರು. ಮನೆಗೆ ಫೋನ್ ಮಾಡಲಿಲ್ಲ. ಬೆಳಿಗ್ಗೆ ಕಾಫಿ ಕುಡೀತಾ ಹೇಳಿದ್ರು, ಏನೋ ಪಂಚರ್ ಆಗಿತ್ತು ಅನ್ನೋ ಹಾಗೆ.

ಈಗ ಮನೇಲಿ ಜಗಳ. ಚಿಕ್ಕಪ್ಪ ಹೇಳೋದು, ಹೆಂಗೂ ಬಿಚ್ತಾರೆ, ಎರಡೂ ಕಡೆ ಎರಡೆರಡು ಪ್ಲೇಟು ಜಾಸ್ತಿ ಹಾಕಿಸಿಬಿಡೋಣ, 14,000 ಆಗುತ್ತೆ, ಆಮೇಲೆ 110 ಬಾಕ್ಸ್ ಆರಾಮಾಗಿ ಹೊಡೀಬಹುದು ಅಂತ. ನಮ್ಮೂರಲ್ಲಿ ಮುಕ್ಕಾಲು ಪಾಲು ಗಾಡಿಗಳಿಗೆ ಹಂಗೇ ಹಾಕಿಸಿದ್ದಾರೆ. ನಾನು ಬೇಡ ಅಂದೆ. ‘ನೀನು ಓದ್ಕೋ ಹೋಗಮ್ಮ’ ಅಂದ್ರು. ಓದಿದ್ದಕ್ಕೇ ಹೇಳ್ತಿದ್ದೀನಿ ಅಂತ ನೋಟ್‌ಬುಕ್ ತಗೊಂಡು ಕೂತೆ. ಎರಡನೇ ಫೋಟೋ ಅದೇ ಪೇಜು, ನನ್ನ ಹ್ಯಾಂಡ್‌ರೈಟಿಂಗ್ ಬಗ್ಗೆ ಕಾಮೆಂಟ್ ಬೇಡ.

ನಿಮ್ಮ ಮನೇಲಿ ಗೂಡ್ಸ್ ಗಾಡಿ ಇದ್ರೆ ಈಗಲೇ ಆರ್‌ಸಿ ತೆಗೀರಿ. ಅದರಲ್ಲಿ ಖಾಲಿ ತೂಕ, ಲೋಡ್ ಸಮೇತ ಒಟ್ಟು ತೂಕ ಎರಡೂ ಇರುತ್ತೆ. ಒಂದರಿಂದ ಒಂದು ಕಳೀರಿ. ನಮ್ಮ ಗಾಡಿಗೆ 1,250 ಕೆಜಿ ಬಂತು. ಟೊಮೆಟೊ ಬಾಕ್ಸ್ ಅಂದ್ರೆ 15 ಕೆಜಿ, ಅಂದ್ರೆ 83 ಬಾಕ್ಸ್ ಅಲ್ವಾ ಅಂತೀರಿ. ನಾನೂ ಮೊದಲು ಹಾಗೇ ಬರೆದಿದ್ದೆ. ಆದ್ರೆ ಆ 15 ಬರೀ ಹಣ್ಣಿನ ತೂಕ. ಪ್ಲಾಸ್ಟಿಕ್ ಕ್ರೇಟು ತೂಗಿಸಿ ನೋಡಿದೆ, ಹತ್ತಿರ ಹತ್ತಿರ ಎರಡು ಕೆಜಿ ಇದೆ. ಇನ್ನು ಆರ್‌ಸಿಯ ಖಾಲಿ ತೂಕದಲ್ಲಿ ಡ್ರೈವರ್ ಸೇರಿಲ್ಲ. ಅಪ್ಪ, ಜೊತೆಗೆ ಹೋಗೋ ಹುಡುಗ, ಇಬ್ಬರದೂ ಸೇರಿ 130. ಉಳಿದದ್ದು 1,120. 17ರಿಂದ ಭಾಗಿಸಿದ್ರೆ 65 ಬಾಕ್ಸ್.

ಅರವತ್ತೈದು! ನಾವು ವರ್ಷಗಟ್ಟಲೆ ಹೊತ್ಕೊಂಡು ಹೋಗಿರೋದು 90. ಅಂದ್ರೆ 410 ಕೆಜಿ ಜಾಸ್ತಿ. ಪ್ಲೇಟು ಯಾಕೆ ಮುರೀತು ಅಂತ ಮೇಸ್ತ್ರಿನ ಕೇಳೋ ಅಗತ್ಯವೇ ಇರಲಿಲ್ಲ. ಚಿಕ್ಕಪ್ಪನ 110ಕ್ಕೆ ಹೋದ್ರೆ 750 ಕೆಜಿ ಜಾಸ್ತಿ ಆಗುತ್ತೆ.

ಪ್ಲೇಟು ಸೇರಿಸಿದ್ರೆ ಸ್ಪ್ರಿಂಗು ಗಟ್ಟಿ ಆಗುತ್ತೆ, ನಿಜ. ಗಾಡಿ ಹಿಂದೆ ಕೂರಲ್ಲ, ನೋಡೋಕೆ ಲೋಡೇ ಇಲ್ಲದ ಹಾಗೆ ಕಾಣುತ್ತೆ. ನನಗೆ ಭಯ ಇರೋದೇ ಅಲ್ಲಿ. ಆಕ್ಸಲ್, ಬೇರಿಂಗು, ಟೈರು, ಚಾಸಿ, ಬ್ರೇಕು, ಯಾವುದೂ ಬದಲಾಗಿಲ್ಲ. ಮೊದಲು ಗಾಡಿ ಕೂತು ‘ಸಾಕು’ ಅಂತ ತೋರಿಸ್ತಿತ್ತು, ಈಗ ಅದೂ ತೋರಿಸಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೆಲವು ಗೂಡ್ಸ್ ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಪ್ರೆಷರ್ ಹೋಗಬೇಕು ಅನ್ನೋದನ್ನ ಒಂದು ವಾಲ್ವ್ ನಿರ್ಧಾರ ಮಾಡುತ್ತೆ. ಚಾಸಿ ಆಕ್ಸಲ್‌ಗೆ ಎಷ್ಟು ಹತ್ತಿರ ಬಂದಿದೆ ಅಂತ ನೋಡಿ ಅದು ಲೋಡ್ ಲೆಕ್ಕ ಹಾಕೋದು. ಪ್ಲೇಟು ಸೇರಿಸಿ ಗಾಡಿ ಎತ್ತರ ಆದ್ರೆ, ತುಂಬಿದ ಗಾಡೀನೂ ಖಾಲಿ ಅಂದ್ಕೊಂಡು ಅದು ಹಿಂದಿನ ಬ್ರೇಕಿಗೆ ಕಮ್ಮಿ ಪ್ರೆಷರ್ ಕೊಡುತ್ತೆ. ಇನ್ನು ಖಾಲಿ ಕ್ರೇಟ್ ಹಾಕ್ಕೊಂಡು ವಾಪಸ್ ಬರುವಾಗ ಗಾಡಿ ಕುಣಿಯೋದು ಬೇರೆ. ಅಪ್ಪನ ಸೊಂಟ ಆಗಲೇ ಎರಡು ಸಲ ಹಿಡ್ಕೊಂಡಿದೆ.

ಸರಿ, ದುಡ್ಡಿಗೆ ಬರೋಣ, ನಮ್ಮ ಸಬ್ಜೆಕ್ಟು. ಕ್ಯಾಪಿಟಲ್ ಖರ್ಚು, ರೆವಿನ್ಯೂ ಖರ್ಚು ಫಸ್ಟ್ ಇಯರಲ್ಲೇ ಓದಿದ್ದೀವಿ. ಗಳಿಸೋ ಶಕ್ತಿ ಹೆಚ್ಚಿಸಿದ್ರೆ ಕ್ಯಾಪಿಟಲ್, ಇದ್ದದ್ದನ್ನ ಸರಿ ಇಟ್ಟುಕೊಂಡ್ರೆ ರೆವಿನ್ಯೂ. ಚಿಕ್ಕಪ್ಪ ಈ 14,000ನ ಕ್ಯಾಪಿಟಲ್ ಅಂತಾರೆ. ಹೇಗೆ? ಆರ್‌ಸಿ ಒಂದು ಕೆಜಿನೂ ಜಾಸ್ತಿ ಆಗಲಿಲ್ಲವಲ್ಲ. ಬಾಕ್ಸಿಗೆ ₹12 ಬಾಡಿಗೆ, 20 ಬಾಕ್ಸಿಗೆ ₹240. ಡೀಸೆಲ್ಲು, ಟೈರು ಸವೆತ ಮರೆತುಬಿಟ್ರೂ ಹಾಕಿದ ದುಡ್ಡು ವಾಪಸ್ ಬರೋಕೆ 59 ಟ್ರಿಪ್ ಬೇಕು. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿನಲ್ಲಿ 2019ರ ತಿದ್ದುಪಡಿ ಆದ ಮೇಲೆ ಓವರ್‌ಲೋಡಿಗೆ ₹20,000 ದಂಡ, ಜಾಸ್ತಿ ಇರೋ ಪ್ರತಿ ಟನ್ನಿಗೆ ಇನ್ನೂ ₹2,000. ಒಂದೇ ಒಂದು ಸಲ ಸಿಕ್ಕಿಬಿದ್ರೆ 84 ಟ್ರಿಪ್ಪಿನ ಲಾಭ ಹೋಯ್ತು.

ಹಾಗಂತ ಸ್ಪ್ರಿಂಗಿಗೆ ದುಡ್ಡೇ ಹಾಕಬಾರದು ಅಂತಲ್ಲ. ಮುರಿದ ಪ್ಲೇಟಿನ ಜಾಗಕ್ಕೆ ಅದೇ ಅಳತೆಯದು, ಬುಷ್ಷುಗಳು, ಯೂ ಬೋಲ್ಟು, ಆಯಿಲ್ ಸೋರ್ತಿರೋ ಎರಡು ಶಾಕ್ ಅಬ್ಸಾರ್ಬರು (ಮೂರನೇ ಫೋಟೋ, ಆ ಕರೀ ಜಿಡ್ಡು ನೋಡಿ). ಮೇಸ್ತ್ರಿ 9,500 ಹೇಳಿದ್ದಾರೆ. ಇದು ಅಪ್‌ಗ್ರೇಡ್ ಅಲ್ಲ, ಗಾಡಿ ಹೊಸದಿದ್ದಾಗ ಹೇಗಿತ್ತೋ ಹಾಗೆ ಮಾಡೋದು. ಹಳೆ ಗಾಡಿ ಸಸ್ಪೆನ್ಷನ್ ಸರಿ ಇಲ್ಲ ಅನ್ನೋರು ಮೊದಲು ಇದನ್ನ ಮಾಡಿಸಿ ನೋಡಿ. ರೀಲ್ಸಿಗೋಸ್ಕರ ಪಿಕಪ್ ಎತ್ತರ ಮಾಡಿಸೋ ನನ್ನ ಕ್ಲಾಸಿನ ಮಹನೀಯರು 52ನೇ ಸೆಕ್ಷನ್ ಒಂದ್ಸಲ ಓದ್ಕೊಳ್ಳಿ, ನಿಮಗೆ ಬೇರೆ ಪೋಸ್ಟ್ ಹಾಕ್ತೀನಿ.

ಒಂದು ಪ್ರಶ್ನೆಗೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ. ಲೆಕ್ಕ ಎಲ್ಲಾ ಕೇಳಿಸ್ಕೊಂಡು ಅಪ್ಪ ಕೇಳಿದ್ರು, ‘65 ಹಾಕ್ಕೊಂಡು ಹೋದ್ರೆ ಉಳಿದ 25 ಬಾಕ್ಸಿಗೆ ಪಕ್ಕದ ಮನೆ ಗಾಡಿ ಕರೀತಾರೆ. ಆಮೇಲೆ ನಮ್ಮನ್ನ ಯಾರು ಕರೀತಾರೆ?’ ಬಾಕ್ಸಿಗೆ ₹12 ಬದಲು 15 ಕೇಳಿ ಅಂದೆ. ನಕ್ಕರು. ನಿಮ್ಮೂರಲ್ಲಿ ಬಾಡಿಗೆ ಎಷ್ಟು ನಡೀತಿದೆ, ಎಷ್ಟು ಕಿಲೋಮೀಟರಿಗೆ? ಕಾಮೆಂಟಲ್ಲಿ ಹಾಕಿ. ಭಾನುವಾರ ಗಾಡಿ ಮೇಸ್ತ್ರಿ ಹತ್ರ ಹೋಗುತ್ತೆ, ಅಷ್ಟರೊಳಗೆ ನನಗೆ ಆ ನಂಬರು ಬೇಕು.

#ಲೆಕ್ಕದಪುಸ್ತಕ #ಕೋಲಾರ #ಟೊಮೆಟೊ #ಬಿಕಾಂ