ಎರಡು ಕುರಿ, ನಾಲ್ಕು ಜೊತೆ ಕೋಳಿ

ಹಂಪಿ ನೋಡಲು ಬಂದವರು ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ವಿರೂಪಾಕ್ಷನ ಗುಡಿಯ ದಾರಿ ಕೇಳುತ್ತಾರೆಂದು ತಿಳಿಯಬೇಡಿ. ಮೊದಲು ಕೇಳುವುದು ಊಟ ಎಲ್ಲಿ ಸಿಗುತ್ತದೆ ಎಂದು. ಬಂದವರು ಮುಸಲ್ಮಾನರಾದರೆ ಆ ಪ್ರಶ್ನೆಗೊಂದು ಬಾಲ ಅಂಟಿಕೊಂಡಿರುತ್ತದೆ: ಮಾಂಸ ಹಲಾಲೇ? ದೇವರ ಹೆಸರು ಹೇಳಿ ಕತ್ತು ಕೊಯ್ದು, ರಕ್ತ ಹರಿದುಹೋದ ಪ್ರಾಣಿಯ ಮಾಂಸವಾದರೆ ಸರಿ. ಹಂದಿ, ಹೆಂಡ ಎಂತೂ ಕೂಡದು.

ಜಪಾನಿಗೆ ಹೋದವರಿಗೆ ಈ ಪ್ರಶ್ನೆ ದೊಡ್ಡ ತಲೆನೋವು. ಅಲ್ಲಿ ಬೀದಿಬೀದಿಗೆ ರಾಮೆನ್ ಅಂಗಡಿ. ರಾಮೆನ್ ಎಂದರೆ ಬಿಸಿ ಸಾರಿನಲ್ಲಿ ಮುಳುಗಿದ ಗೋಧಿ ಶ್ಯಾವಿಗೆ. ಶ್ಯಾವಿಗೆಯದೇನೂ ತಕರಾರಿಲ್ಲ, ತಕರಾರೆಲ್ಲ ಸಾರಿನದು. ಎಷ್ಟೋ ಕಡೆ ಅದು ಹಂದಿಯ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ಸಾರು. ಮೂಳೆ ತಪ್ಪಿದರೂ ಮಿರಿನ್ ಎಂಬ ಅಕ್ಕಿಯ ಸಿಹಿಮದ್ಯ ತಪ್ಪುವುದು ಕಷ್ಟ. ಇಂಡೋನೇಷ್ಯ, ಮಲೇಷ್ಯಗಳ ಪ್ರವಾಸಿಗರು ಹೆಚ್ಚಿದ ಮೇಲೆ ಟೋಕಿಯೊದ ಕೆಲವು ಅಂಗಡಿಯವರು ಕೋಳಿ ಸಾರಿನ ಹಲಾಲ್ ರಾಮೆನ್ ಮಾಡತೊಡಗಿದರು. ನಮಾಜಿಗೊಂದು ಮೂಲೆ ಬಿಟ್ಟುಕೊಟ್ಟವರೂ ಇದ್ದಾರೆ.

ಅತಿಥಿಯ ನೇಮ ತಿಳಿದು ಉಪಚರಿಸುವ ಈ ಕೆಲಸ ತುಂಗಭದ್ರೆಯ ದಂಡೆಗೆ ಹೊಸದಲ್ಲ. ಹೆರಾತಿನ ಸುಲ್ತಾನ ಶಾರುಖನ ರಾಯಭಾರಿ ಅಬ್ದುಲ್ ರಜ್ಜಾಕ್ ಕಲ್ಲಿಕೋಟೆಯಿಂದ ಮಂಗಳೂರಿನ ಮೇಲೆ ಹಾದು, 1443ರ ಏಪ್ರಿಲ್ ಕೊನೆಗೆ ವಿಜಯನಗರ ಮುಟ್ಟಿದ. ಆಗ ಪಟ್ಟದಲ್ಲಿದ್ದವನು ಇಮ್ಮಡಿ ದೇವರಾಯ. ಅರಮನೆಯಿಂದ ತನಗೆ ದಿನವೂ ಬರುತ್ತಿದ್ದ ಪಡಿಯ ಲೆಕ್ಕವನ್ನು ರಜ್ಜಾಕ್ ಬರೆದಿಟ್ಟಿದ್ದಾನೆ: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ. ಬಂದದ್ದು ಬೇಯಿಸಿದ ಅಡುಗೆಯಲ್ಲ ಎಂಬುದನ್ನು ಗಮನಿಸಬೇಕು. ಕುರಿಯನ್ನು ತನ್ನ ಆಳಿನ ಕೈಯಲ್ಲಿ ತನ್ನ ಧರ್ಮದಂತೆ ಕೊಯ್ಯಿಸಿಕೊಳ್ಳಲು ಆತನಿಗೆ ಅಡ್ಡಿಯೇನಿತ್ತು?

ನೇಮವಿದ್ದದ್ದು ಅತಿಥಿಗೆ ಮಾತ್ರವೂ ಅಲ್ಲ, ಅರಸನಿಗೂ ಇತ್ತು. ನಿಮ್ಮ ದೊರೆಗಳು ರಾಯಭಾರಿಯನ್ನು ಕರೆದು ಜೊತೆಗೆ ಊಟಕ್ಕೆ ಕೂರಿಸಿಕೊಳ್ಳುತ್ತಾರೆ, ನಾವು ನೀವು ಒಟ್ಟಿಗೆ ಉಣ್ಣುವಂತಿಲ್ಲ, ಈ ಹೊನ್ನಿನ ಚೀಲವೇ ನಮ್ಮ ಔತಣವೆಂದು ತಿಳಿಯಿರಿ ಎಂಬ ಅರ್ಥದ ಮಾತನ್ನು ದೇವರಾಯ ಆಡಿದನಂತೆ. ಒಂದೇ ಪಂಕ್ತಿಯಲ್ಲಿ ಕೂರದೆಯೂ ಮರ್ಯಾದೆ ಉಳಿಯಿತು. ಇಂದಿನವರಿಗೆ ಆ ಮಡಿ ಒಪ್ಪದಿರಬಹುದು. ಆದರೆ ನನ್ನ ಎಲೆಯಲ್ಲಿ ಇರುವುದನ್ನೇ ನೀನೂ ತಿನ್ನು ಎಂದು ಅರಸ ಹೇಳಲಿಲ್ಲ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಹುರ್ಮುಜಿನ ವರ್ತಕರು, ಈತ ನಿಜವಾದ ರಾಯಭಾರಿಯೇ ಅಲ್ಲ ಎಂದು ಚಾಡಿ ಹೇಳಿದರು. ದಂಡನಾಯಕ ಕಲಬುರ್ಗಿಯತ್ತ ದಂಡೆತ್ತಿ ಹೋದಾಗ ಅವನ ಜಾಗದಲ್ಲಿ ಕೂತವನು ಪಡಿಯನ್ನೇ ನಿಲ್ಲಿಸಿಬಿಟ್ಟ. ಚಾಡಿ ಹೇಳಿದವರು ಪರಧರ್ಮದವರೇನಲ್ಲ! ಮರಳಿ ಬಂದ ದಂಡನಾಯಕ ಆ ಅಧಿಕಾರಿಯನ್ನು ಗದರಿಸಿ, ರಾಯಭಾರಿಗೆ ವರಹ ಕೊಡುವಂತೆ ಟಂಕಸಾಲೆಗೆ ಅಪ್ಪಣೆ ಮಾಡಿದ.

ರಜ್ಜಾಕ್ ಬರುವ ನಾಲ್ಕು ವರ್ಷ ಮುಂಚೆ, 1439ರಲ್ಲಿ, ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಕಟ್ಟಿಸಿದ ಮಸೀದಿ ತಳವಾರಘಟ್ಟದ ದಾರಿಯಲ್ಲಿ ಈಗಲೂ ಇದೆ. ಗುಮ್ಮಟವಿಲ್ಲ, ಮಿನಾರವಿಲ್ಲ, ದೂರದಿಂದ ಗುಡಿಯ ಮಂಟಪದಂತೆಯೇ ಕಾಣುತ್ತದೆ. ಅಲ್ಲಿನ ಕನ್ನಡ ಶಾಸನ ಅದನ್ನು ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಧರ್ಮಶಾಲೆ ಎಂದು ಕರೆಯುತ್ತದೆ. ಮುಂದೆ 1520ರ ಸುಮಾರಿಗೆ ಬಂದ ಪೋರ್ಚುಗೀಸರ ಪಾಯೆಸ್, ಪೇಟೆಯ ಕೊನೆಗಿದ್ದ ಮುಸಲ್ಮಾನರ ಕೇರಿಯನ್ನು ಕಂಡ. ಬೀದಿಬೀದಿಯಲ್ಲಿ ಮಾರುತ್ತಿದ್ದ ಕುರಿ ಮಾಂಸ ಎಷ್ಟು ಕೊಬ್ಬಿತ್ತೆಂದರೆ ಆತನ ಕಣ್ಣಿಗೆ ಹಂದಿ ಮಾಂಸದಂತೆ ಕಂಡಿತಂತೆ. ರಜ್ಜಾಕ್ ಆ ಹೋಲಿಕೆ ಕೇಳಿದ್ದರೆ ಅಂದಿನ ಊಟ ಬಿಡುತ್ತಿದ್ದನೇನೋ.

ಅತಿಥಿಯ ಮಾತು ಬಂದಾಗ ಕಂಪ್ಲಿಯನ್ನು ಬಿಡುವಂತಿಲ್ಲ. ದೆಹಲಿಯ ಮುಹಮ್ಮದ್ ತುಘಲಕನಿಗೆ ತಿರುಗಿಬಿದ್ದು ಓಡಿಬಂದ ಬಹಾಉದ್ದೀನ್ ಗುರ್ಶಾಸ್ಪನಿಗೆ ಆಸರೆ ಕೊಟ್ಟು, 1327ರ ಹೊತ್ತಿಗೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡವನು ಕಂಪಿಲರಾಯ, ನಮ್ಮ ಕುಮಾರರಾಮನ ತಂದೆ.

ಉತ್ತರ ಕರ್ನಾಟಕದ ಹಲವು ಹಳ್ಳಿಗಳಲ್ಲಿ ಹಿಂದೂಗಳ ಮನೆಯ ಕುರಿಯನ್ನೂ ಮುಲ್ಲಾನನ್ನು ಕರೆಸಿಯೇ ಕೊಯ್ಯಿಸುವ ರೂಢಿಯಿತ್ತು. ಅವನ ಪಾಲು ಅವನಿಗೆ ಸಲ್ಲುತ್ತಿತ್ತು. ಅದನ್ನು ಯಾರೂ ಹಲಾಲ್ ಎಂದು ಎತ್ತಿ ಆಡುತ್ತಿರಲಿಲ್ಲ. 2022ರ ಯುಗಾದಿಯ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕೂಗೆದ್ದ ಮೇಲೆ ಆ ಪದ ಬೋರ್ಡಿನಿಂದ ಜಗಳಕ್ಕೆ ಇಳಿಯಿತು. ಕಸುಬುದಾರನ ಕತ್ತಿಗೂ ಕುರಿ ಸಾಕಿದವನ ಸಂತೆಗೂ ಒಟ್ಟಿಗೇ ಪೆಟ್ಟು ಬೀಳುವ ಜಗಳವದು.

ಇಂದು ಬರುವ ಪ್ರವಾಸಿಗೆ ತಿಳಿದಿರಬೇಕಾದ್ದು ಇಷ್ಟೇ. ವಿರೂಪಾಕ್ಷನ ಗುಡಿಯ ಸುತ್ತ ಹಂಪಿ ಊರಿನಲ್ಲಿ ಮಾಂಸವೂ ಇಲ್ಲ, ಮದ್ಯವೂ ಇಲ್ಲ. ಹೀಗಾಗಿ ಅಲ್ಲಿ ಅನ್ನ ಸಾರಿಗೆ ಕೂತರೆ ಅನುಮಾನಕ್ಕೆ ಎಡೆಯೇ ಇಲ್ಲ. ಸಂಡೂರಿನ ಕುಮಾರಸ್ವಾಮಿ ಬೆಟ್ಟ ಹತ್ತುವವರು ಬುತ್ತಿ ಕಟ್ಟಿಕೊಳ್ಳುವುದು ಒಳ್ಳೆಯದು. ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗೆ ಯಾವ ಧರ್ಮದವರೂ ಎರಡನೆಯ ಪ್ರಶ್ನೆ ಕೇಳಬೇಕಿಲ್ಲ. ಬಿರಿಯಾನಿಯೇ ಬೇಕೆಂದರೆ ಸಂಜೆ ಹೊಸಪೇಟೆಗೆ ಮರಳಬೇಕು. ಹೋಟೆಲಿನ ಗಲ್ಲಾ ಮೇಲೆ ಕೂತವರನ್ನು ಕೇಳಲು ಸಂಕೋಚ ಬೇಡ. ಇದ್ದರೆ ಇದೆ, ಇಲ್ಲದಿದ್ದರೆ ಮುಂದಿನ ಓಣಿಗೆ ಹೋಗಿ ಎನ್ನುತ್ತಾರೆ.