ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಲೆಕ್ಕದ ಪುಸ್ತಕಗಳಿಗೂ ಜಾಗ ಬೇಕು

38 ರೂಪಾಯಿ 13 ಆಣೆ 2 ಪೈ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಬಾಗಿಲು ತೆರೆದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ನಿನ ಕೈಯಲ್ಲಿ ಮೊದಲ ದಿನದ ಕೊನೆಗಿದ್ದ ದುಡ್ಡು ಇಷ್ಟೇ. ಹೂಡಿದ್ದ ಬಂಡವಾಳ 5,000 ರೂಪಾಯಿ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. ಅದನ್ನು ಕಟ್ಟಿದ ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯನ್ನು ಬ್ಯಾಂಕು ಉಳಿಸಿಕೊಂಡು, ನಾಣ್ಯಗಳ ಸಂಗ್ರಹಾಲಯ ಮಾಡಿತು.

ಆಗಿನ ಉಡುಪಿ ಮದ್ರಾಸ್ ಪ್ರೆಸಿಡೆನ್ಸಿಯ ಒಂದು ಸಣ್ಣ ಪೇಟೆ. ಬಿತ್ತನೆಗೋ ಮದುವೆಗೋ ಹಣ ಬೇಕಾದರೆ ಸಾಹುಕಾರರ ಜಗಲಿ ಹತ್ತಬೇಕಿತ್ತು. ಅಂಥ ಊರಿನಲ್ಲಿ, 1882ರಲ್ಲಿ ಹುಟ್ಟಿದ, ಅಂದರೆ ಇನ್ನೂ 25 ದಾಟದ ಮುಸ್ಲಿಂ ವರ್ತಕರೊಬ್ಬರು ಊರ ಗಣ್ಯರನ್ನು ಒಟ್ಟುಗೂಡಿಸಿ ಬ್ಯಾಂಕು ತೆರೆದರು. ಜಾತಿಮತ ನೋಡದೆ ಎಲ್ಲರಿಗೂ ಉಳಿತಾಯದ ರೂಢಿ ಹಚ್ಚಬೇಕೆಂಬುದು ಅವರ ಆಸೆ. ಬ್ಯಾಂಕು ತೆರೆದ ವರ್ಷವೇ, ಅಕ್ಟೋಬರಿನಲ್ಲಿ, ಮದ್ರಾಸಿನ ದೊಡ್ಡ ಆಂಗ್ಲ ಸಂಸ್ಥೆ ಅರ್ಬತ್ನಾಟ್ ದಿವಾಳಿಯೆದ್ದು ಸಾವಿರಾರು ಜನರ ಠೇವಣಿ ಮುಳುಗಿತು. ಉಡುಪಿಯ ಈ ಕೂಸು ಬದುಕಿತು. ಕುಂದಾಪುರದಲ್ಲಿ ಮೊದಲ ಶಾಖೆ ತೆರೆದದ್ದು 1923ರಲ್ಲಿ. ಅಲ್ಲಿಯವರೆಗೆ, 17 ವರ್ಷ, ಒಂದೇ ಊರಿನ ವಿಶ್ವಾಸದ ಮೇಲೆ ನಿಂತ ಬ್ಯಾಂಕು ಅದು.

1925ರಲ್ಲಿ ಇದೇ ಉಡುಪಿಯಲ್ಲಿ ಇನ್ನೊಂದು ಹುಟ್ಟಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಆ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ 2 ಆಣೆಯನ್ನೂ ಮನೆಬಾಗಿಲಿಗೇ ಬಂದು ಪಡೆಯಿತು.

ಈಗ ಎರಡೂ ಹೆಸರಿಲ್ಲ. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಮಂಗಳೂರಿನ ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾ ಪಾಲಾಗಿತ್ತು. ವಿಲೀನ ಸರಿಯೋ ತಪ್ಪೋ ಎಂಬ ವಾದ ಬೇರೆ. ಬೋರ್ಡು ಇಳಿದ ಮೇಲೆ ಹಳೆಯ ಕಾಗದಪತ್ರಗಳ ಗತಿ ಏನು ಎಂಬುದು ಕರಾವಳಿಯವರು ಕೇಳಲೇಬೇಕಾದ ಪ್ರಶ್ನೆ.

ಸಾಹೇಬರ ಮನೆಯಲ್ಲಿರುವಂಥ ಪ್ರಾಚೀನ ನಾಣ್ಯಗಳನ್ನು ಮುಂಬೈಯ ರಿಸರ್ವ್ ಬ್ಯಾಂಕ್ ಸಂಗ್ರಹಾಲಯದಲ್ಲೂ ನೋಡಬಹುದು. ಗೇಣಿ ಒಕ್ಕಲಿನವರು, ಮೀನು ಮಾರುವ ಹೆಂಗಸರು, ರಥಬೀದಿಯ ಅಂಗಡಿಯವರು ಆಣೆ ಆಣೆ ಕೂಡಿಟ್ಟ ಕಥೆ ಹೇಳಬೇಕಾದದ್ದು ಉಡುಪಿಯೇ. ಹಳೆಯ ಶಾಖೆಗಳ ಲೆಡ್ಜರು, ಪಾಸ್‌ಬುಕ್ಕು, ಅಡವಿನ ಚಿನ್ನ ತೂಗಿದ ತಕ್ಕಡಿ, ಪಿಗ್ಮಿ ಕಾರ್ಡು ಇವೆಲ್ಲ ಈ ಮನೆಗೆ ಬರಬೇಕು. ಖಾತೆದಾರರ ಗುಟ್ಟು ಕಾಯುವ ಕ್ರಮ ಹಾಕಿಕೊಂಡೇ ಇದನ್ನು ಮಾಡಬಹುದು. ಯೂನಿಯನ್ ಬ್ಯಾಂಕು ಕೆನರಾ ಬ್ಯಾಂಕಿನೊಂದಿಗೆ ಮಾತಾಡಲಿ. ಜಿಲ್ಲಾಡಳಿತ ಮನೆಗೆ ಪಾರಂಪರಿಕ ಕಟ್ಟಡದ ರಕ್ಷಣೆ ಕೊಡಿಸಲಿ. ಶಾಲೆಯ ಮಕ್ಕಳು ಬಂದು ಹೋಗುವಂತಾಗಲಿ. ಮಳೆಗಾಲದಲ್ಲೂ ಕೊಡೆ ಹಿಡಿದು ಮನೆಮನೆ ಸುತ್ತಿದ ಪಿಗ್ಮಿ ಏಜೆಂಟರಲ್ಲಿ ಹಲವರಿಗೆ ಈಗ ಇಳಿವಯಸ್ಸು. ಅವರನ್ನು ಕೂರಿಸಿ ಮಾತಾಡಿಸುವ ಕೆಲಸ ಈ ವರ್ಷವೇ ಶುರುವಾಗಬೇಕು.